ಆಲು ಕುಡಿಯುವ ಅಜ್ಜಿಯೂ ನನ್ನ ಹೊಸ ನೌಕರಿಯೂ

ಮೇಷ್ಟ್ರಾದವನಿಗೆ ತನ್ನ ದನಿಯಷ್ಟು ಇಂಪಾದದ್ದು ಬೇರೇನೂ ಕೇಳಿಸುವುದಿಲ್ಲ. ಎದುರಿಗೆ ನಲವತ್ತು ಮಕ್ಕಳು ವಿಧಿಯಿಲ್ಲದೆ ಕೂತಿರುವವರೆಗೆ ಈ ಕಾಯಿಲೆ ಹೊರಗೆ ಕಾಣುವುದಿಲ್ಲ. ನನ್ನದು ಬಯಲಾದದ್ದು ಐರ್ಲೆಂಡಿಗೆ ಹೋದಮೇಲೆ. ಯಲಹಂಕ ಹಳೇ ಊರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂದು ವರ್ಷ ಕನ್ನಡ ಪಾಠ ಮಾಡಿದವನು ನಾನು. ಹೆಂಡತಿ ಸುಜಾತ ನರ್ಸು. ಮಂಡಿನೋವು ಶುರುವಾಗುವ ವಯಸ್ಸಿನಲ್ಲಿ ಅವಳು ಪರೀಕ್ಷೆ ಮೇಲೆ ಪರೀಕ್ಷೆ ಬರೆದು, ಕಾರ್ಕ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿದಳು. ನಾನು ಶಾಲೆಗೆ ಎರಡು ವರ್ಷ ರಜೆ ಹಾಕಿ, ಉಪ್ಪಿನಕಾಯಿ ಜಾಡಿ ತೊಡೆಯ ಮೇಲಿಟ್ಟುಕೊಂಡು ಅವಳ ಹಿಂದೆ ಹೊರಟೆ.

ಅಲ್ಲಿ ನನ್ನ ಕೆಲಸವೆಂದರೆ ಬೆಳಿಗ್ಗೆ ಅವಳಿಗೆ ಡಬ್ಬಿ ಕಟ್ಟಿಕೊಡುವುದು, ಆಮೇಲೆ ಒಗೆದ ಬಟ್ಟೆ ಹಿಡಿದುಕೊಂಡು ಕಿಟಕಿಯಲ್ಲಿ ಬಿಸಿಲಿಗಾಗಿ ಕಾಯುವುದು. ಬಿಸಿಲು ಅಲ್ಲಿ ಬಂಧುಗಳ ಹಾಗೆ: ಬರುತ್ತೇನೆಂದು ಹೇಳಿ ಬರುವುದಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಸುಜಾತ ಗಾಬರಿಯಾದಳು. "ರೀ, ಬೀನ್ಸ್ ಹೆಚ್ತಾ ಯಾರಿಗೋ ಲೋಪಸಂಧಿ ಹೇಳಿಕೊಡ್ತಿದ್ರಿ. ಏನಾದ್ರೂ ಕೆಲಸ ಹುಡುಕ್ಕೊಳ್ಳಿ, ದಮ್ಮಯ್ಯ." ಆದರೆ ಆ ಊರಿನಲ್ಲಿ ಕನ್ನಡ ಮೇಷ್ಟ್ರು ಬೇಕಾಗಿದ್ದಾರೆ ಎಂಬ ಫಲಕ ಎಲ್ಲೂ ತೂಗುತ್ತಿರಲಿಲ್ಲ.

ಹೀಗೇ ಒಂದೂವರೆ ವರ್ಷ ಕಳೆದಮೇಲೆ ಒಂದು ದಿನ ನಮ್ಮ ಅಲ್ಲಾಳಸಂದ್ರದ ಮನೆಯಿಂದ ಫೋನ್ ಬಂತು. ಅಲ್ಲಿ ಬಾಡಿಗೆಗಿದ್ದವರು ಡಾಕ್ಟರ್ ನೇಹಾ, ಲಕ್ನೋ ಕಡೆಯವರು, ಹುಣಸಮಾರನಹಳ್ಳಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ. ಸಂಪಿನ ಮೋಟಾರು ಕೆಟ್ಟಿತ್ತು, ಬಂದ ರಿಪೇರಿಯವನಿಗೆ ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿಕೊಟ್ಟೆ. ಮೋಟಾರು ಸರಿಹೋಯಿತು. ಮಾರನೆಯ ದಿನ ಮತ್ತೆ ಅವರದೇ ಫೋನು. ದಿನಾ ಅರ್ಧ ಗಂಟೆ ಕನ್ನಡ ಕಲಿಸುತ್ತೀರಾ, ನನ್ನ ರೋಗಿಗಳು ಏನು ಹೇಳುತ್ತಾರೋ ನನಗೇ ತಿಳಿಯಬೇಕು ಎಂದರು. ವಾಟ್ಸಾಪಿನಲ್ಲಿ ಮುಖ ನೋಡಿ ಮಾತಾಡುವ ಸೌಕರ್ಯ ಆಗಷ್ಟೇ ಬಂದಿತ್ತು. ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ, ಸೊಂಟದ ಮೇಲಕ್ಕೆ ಇಸ್ತ್ರಿ ಅಂಗಿ, ಕೆಳಕ್ಕೆ ಲುಂಗಿ ತೊಟ್ಟು ಪಾಠ ಶುರುಮಾಡಿದೆ.

"ಇದನ್ನೇ ಕೆಲಸ ಮಾಡ್ಕೊಳ್ಳಿ" ಎಂದಳು ಸುಜಾತ. "ಯಲಹಂಕ, ಹೆಬ್ಬಾಳದ ಕಡೆ ಹೊರಗಿನಿಂದ ಬಂದ ಡಾಕ್ಟ್ರುಗಳು, ನರ್ಸುಗಳು ಎಷ್ಟು ಜನ ಇದಾರೆ! ನಾನೇ ಇಲ್ಲಿ ಇವರ ಮಾತು ಅರ್ಥ ಆಗ್ದೆ ಎಷ್ಟು ಸಲ ಬಾತ್‌ರೂಮಲ್ಲಿ ನಿಂತು ಅತ್ತಿದೀನಿ ಗೊತ್ತಾ?" ಗೊತ್ತಿರಲಿಲ್ಲ. ಡಬ್ಬಿಯಲ್ಲಿ ಪಲ್ಯ ಸರಿಯಿತ್ತೇ ಎಂದು ದಿನಾ ಕೇಳುತ್ತಿದ್ದೆನೇ ಹೊರತು ಇದನ್ನು ಕೇಳಿರಲಿಲ್ಲ. ಆದರೂ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಭದ್ರವಾದ ಮೇಷ್ಟ್ರುಗಿರಿ ಬಿಟ್ಟು ಸಕ್ಕರೆ ಡಬ್ಬ ನಂಬಿಕೊಳ್ಳುವುದು ಹೇಗೆ? ರಜೆ ಮುಗಿಯಲು ಐದು ತಿಂಗಳಿತ್ತು. ಅಷ್ಟರಲ್ಲಿ ನೇಹಾ ಒಬ್ಬ ರೋಗಿಯ ಜೊತೆ ಪೂರ್ತಿ ಕನ್ನಡದಲ್ಲಿ ಮಾತಾಡಿದರೆ ರಾಜೀನಾಮೆ, ಇಲ್ಲವಾದರೆ ನಾನೊಬ್ಬನೇ ಶಾಲೆಗೆ ವಾಪಸ್ಸು ಎಂದು ತೀರ್ಮಾನಿಸಿದೆ.

ಪಾಠದ ಪುಸ್ತಕವನ್ನು ನಾನೇ ಬರೆದೆ. ಮೊದಲ ವಾಕ್ಯ: "ತಮಗೆ ಎಲ್ಲಿ ವೇದನೆಯಾಗುತ್ತಿದೆ?" ನೇಹಾ ಅದನ್ನು ಬಾಯಿಪಾಠ ಮಾಡಿ ಒಬ್ಬ ಗಾರೆ ಕೆಲಸದವನ ಮೇಲೆ ಪ್ರಯೋಗಿಸಿದರು. ಅವನು ಕೈಮುಗಿದು, "ನಮ್ಗೆ ಯಾವ ವೇದಾನೂ ಬರಲ್ಲ ಮೇಡಂ, ಬೆನ್ನು ನೋವು ಅಷ್ಟೇ" ಎಂದನಂತೆ. ಅವನ ಭಾಷಾಜ್ಞಾನದ ಬಗ್ಗೆ ಮರುಕಪಟ್ಟು ನಾನು ಎರಡನೆಯ ಪಾಠಕ್ಕೆ ಹೋದೆ.

ಆಮೇಲೆ ಬಂದವರು ಮುನಿಯಮ್ಮಜ್ಜಿ. ಒಬ್ಬರೇ ಕ್ಲಿನಿಕ್ಕಿಗೆ ಬಂದು, "ಆಲು ಕುಡುದ್ರೆ ಒಟ್ಟೆ ಉಬ್ಬರುಸ್ತದೆ ಕಣವ್ವಾ" ಎಂದರು. ಹೊಟ್ಟೆಯನ್ನು ಕೈಯಿಂದ ತೋರಿಸಿದ್ದರಿಂದ ಅದು ತಿಳಿಯಿತು. ಆಲೂ ಎಂದರೆ ನೇಹಾ ಹುಟ್ಟಿದಾಗಿನಿಂದ ಬಲ್ಲ ಪದಾರ್ಥ. ಕುಡಿಯುವುದು ನನ್ನ ಮೂರನೆಯ ಪಾಠದಲ್ಲಿತ್ತು, ನಾವಿನ್ನೂ ಎರಡರಲ್ಲಿದ್ದೆವು. ಅವರು ಹಿಂದಿಯ ಆಲೂ ಬಿಟ್ಟು, ನಾನು ಕಲಿಸಿದ ಶುದ್ಧ ರೂಪದಲ್ಲಿ, "ಆಲೂಗಡ್ಡೆಯನ್ನು ಸೇವಿಸಬೇಡಿ" ಎಂದು ಅಪ್ಪಣೆ ಮಾಡಿದರು. ಅಜ್ಜಿ ಒಂದು ವಾರ ಆಲೂಗಡ್ಡೆ ಮುಟ್ಟಲಿಲ್ಲ. ಹಾಲು ಮಾತ್ರ ಎರಡು ಹೊತ್ತೂ ಕುಡಿದು, ಹೊಟ್ಟೆ ಹಿಡಿದುಕೊಂಡು ಮತ್ತೆ ಬಂದರು.

ನೇಹಾ ದಿಕ್ಕು ತೋಚದೆ ನನಗೆ ಫೋನ್ ಹಚ್ಚಿ, ವಿಷಯ ಹೇಳಿ, ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. "ಅಜ್ಜೀ, ಆಲೂ ಬಿಟ್ರಾ?" ಎಂದೆ.

"ಬಿಡ್ಲಿಲ್ಲ ಕಣಪ್ಪ. ಈ ಯಮ್ಮ ಗಡ್ಡೆ ತಾನೆ ಬ್ಯಾಡ ಅಂದಿದ್ದು? ನಾನೇಳಿದ್ದು ಆಲು. ಅಸ ಕೊಡ್ತದಲ್ಲ, ಆಲು!"

ನಾನು ಗಹಗಹಿಸಿ ನಕ್ಕೆ. ಅಷ್ಟರಲ್ಲಿ ಆ ಕಡೆ ಕ್ಲಿನಿಕ್ಕಿನ ಬಾಗಿಲು ತೆರೆದ ಸದ್ದಾಯಿತು. ಸ್ಕೂಟರ್ ನಿಲ್ಲಿಸಿ ಒಳಗೆ ಬಂದ ಅಜ್ಜಿಯ ಮೊಮ್ಮಗಳು ಆ ನಗು ಕೇಳಿ ನಿಂತಳಂತೆ. "ಈ ನಗು ಕನ್ನಡ ಸಾರ್‌ದು ಅಲ್ವಾ? ಸಾರ್, ನಾನು ಹೇಮಾವತಿ. ನೀವು ಏಮಾವತಿ ಅಂತ ಕರೀತಿದ್ರಲ್ಲ, ಅದೇ."

ಎರಡನೆಯ ಸಾಲಿನ ಆ ಹುಡುಗಿ ನೆನಪಾದಳು. ಒಂದು ದಿನ ಅವಳನ್ನು ನಿಲ್ಲಿಸಿ ಹಾಲು, ಹಳ್ಳಿ, ಹೂವು ಎಂದು ಹೇಳಿಸಿದ್ದೆ. ಪ್ರತಿ ಪದಕ್ಕೂ ಇಡೀ ತರಗತಿ ನಕ್ಕಿತ್ತು, ಎಲ್ಲರಿಗಿಂತ ಜೋರಾಗಿ ನಾನು. "ಅವತ್ತಿಂದ ನಾನು ನಿಮ್ಮ ಕ್ಲಾಸಲ್ಲಿ ಬಾಯೇ ಬಿಡ್ಲಿಲ್ಲ ಸಾರ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ತಪ್ಪಾಯ್ತಮ್ಮ" ಎಂದೆ. ಮೇಷ್ಟ್ರ ಕಸುಬಿನಲ್ಲಿ ನಾನು ಈ ಪದವನ್ನು ಹೇಳಿಸಿದ್ದೇ ಹೆಚ್ಚು, ಹೇಳಿದ್ದು ಅದೇ ಮೊದಲು.

"ಅಯ್ಯೋ, ಬಿಡಿ ಸಾರ್. ಈಗ ನಂಗೆ ಎರಡೂ ಬರುತ್ತೆ. ಮನೇಲಿ ಅಜ್ಜಿ ಹತ್ರ ಏಮಾ, ಆಫೀಸಲ್ಲಿ ಹೇಮಾ." ಹಾಗೆಂದು ನೇಹಾ ಕಡೆ ತಿರುಗಿ ಹಾಲು, ಹಸು, ಹೊಟ್ಟೆ ಮೂರನ್ನೂ ಎರಡೆರಡು ಥರ ಹೇಳಿ, ಎರಡೇ ನಿಮಿಷದಲ್ಲಿ ಬಿಡಿಸಿಟ್ಟಳು. ನಾನು ಎಂಟು ವಾರದಲ್ಲಿ ಮಾಡದ ಕೆಲಸ ಅದು. ಅಜ್ಜಿ ಹಾಲು ಬಿಟ್ಟರು, ಮಜ್ಜಿಗೆಗೆ ಬಂದರು, ಹೊಟ್ಟೆ ತಣ್ಣಗಾಯಿತು.

ಆ ಸಂಜೆಯೇ ಹೇಮಾಗೆ ಫೋನ್ ಮಾಡಿ, ನನ್ನ ಜೊತೆ ಸೇರಿ ಪಾಠ ಮಾಡುತ್ತೀಯಾ ಎಂದು ಕೇಳಿದೆ. "ಮಾಡ್ತೀನಿ ಸಾರ್. ಆದ್ರೆ ಕಲಿಯೋರು ತಪ್ಪು ಮಾತಾಡಿದ್ರೆ ನೀವು ನಗಬಾರದು." ಒಪ್ಪಿದೆ. ಪುಸ್ತಕವನ್ನು ಹೊಸದಾಗಿ ಬರೆದೆವು. ವೇದನೆ ಹೋಗಿ "ಎಲ್ಲಿ ನೋವು?" ಬಂತು. ಅಕ್ಷರ, ಬರವಣಿಗೆ ನನ್ನದು, ಮಾತು ಅವಳದು. ನಾಲ್ಕನೆಯ ತಿಂಗಳಲ್ಲಿ ನೇಹಾ ಅಟ್ಟೂರಿನ ಒಬ್ಬ ಮುದುಕರ ಹತ್ತಿರ ಕಾಲು ಗಂಟೆ ಮಾತಾಡಿ, ಅವರ ಕೆಮ್ಮಿನ ಜೊತೆಗೆ ಸೊಸೆಯ ಮೇಲಿನ ದೂರನ್ನೂ ಪೂರ್ತಿ ಕೇಳಿಸಿಕೊಂಡರಂತೆ. ನೇಹಾ ಅವರಿಂದ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಹೆಬ್ಬಾಳದಿಂದ ಇಬ್ಬರು ಡಾಕ್ಟರು, ಯಲಹಂಕದಿಂದ ಏಳು ಜನ ನರ್ಸುಗಳು ಸೇರಿಕೊಂಡರು. ಸಾವಿರಾರು ಮೈಲಿ ದೂರದ ಅಡುಗೆಮನೆಯಲ್ಲಿ ಕೂತು ನಮ್ಮೂರಿನವರ ಹೊಟ್ಟೆನೋವಿಗೆ ನಾನೂ ಒಂಚೂರು ಉಪಯೋಗಕ್ಕೆ ಬಂದೆನೆಂದರೆ, ಅದು ಅಜ್ಜಿ ಮತ್ತು ಮೊಮ್ಮಗಳು ಹಾಕಿದ ಭಿಕ್ಷೆ.

ರಾಜೀನಾಮೆ ಬರೆದು ಕಳಿಸಿದೆ. ಮೂರನೆಯ ದಿನ ಹೆಡ್‌ಮಾಸ್ಟರ ಫೋನು. "ಏನ್ ಮೇಷ್ಟ್ರೇ ಇದು? ಎರಡು ಪುಟ ಇದೆ, ಕೃತಕೃತ್ಯ, ಅಂತಃಕರಣ ಎಲ್ಲಾ ಇದೆ. ನೀವು ಬರ್ತೀರೋ ಇಲ್ವೋ ಅನ್ನೋದೊಂದು ಸಿಕ್ಲಿಲ್ಲ ನೋಡಿ."

"ಬರಲ್ಲ ಸಾರ್."

"ಅದನ್ನೇ ಬರೆದು ಕಳ್ಸಿ" ಎಂದರು. ಕೂತೆ. ಬರೆಯುತ್ತ ಬರೆಯುತ್ತ ಒಂದೂವರೆ ಪುಟವಾಯಿತು. ಕೊನೆಗೆ ಸುಜಾತ ಪೆನ್ನು ಕಿತ್ತುಕೊಂಡು ಎರಡು ಸಾಲು ಬರೆದಳು, ನಾನು ಸಹಿ ಹಾಕಿದೆ.