ಅಪ್ಪನ ಗಾಡಿ, ನನ್ನ ಬಾಯಿ

ಕೆಲವರಿಗೆ ಕಸುಬು ಕೈಯಲ್ಲಿರುತ್ತದೆ. ನನಗೆ ಇರುವುದೆಲ್ಲ ಬಾಯಲ್ಲೇ. ಜಗಳೂರು ಬಸ್‌ ಸ್ಟ್ಯಾಂಡಿನ ಕಂಡಕ್ಟರು, ಸೋದರತ್ತೆ ಸೀನುವ ಸದ್ದು, ಎದುರುಮನೆಯ ನಾಯಿ, ಯಾರ ದನಿ ಕೇಳಿದರೂ ನಿಂತಲ್ಲೇ ಹೊರಡಿಸಬಲ್ಲೆ. ಇದರಿಂದ ಮದುವೆಮನೆಗಳಲ್ಲಿ ನನಗೆ ಎರಡನೇ ಹೋಳಿಗೆಯೂ ಸಿಗುತ್ತದೆ, ಸೋದರತ್ತೆಯ ಬೈಗುಳವೂ ಸಿಗುತ್ತದೆ. ಸ್ಪ್ಯಾನರ್ ಕೊಟ್ಟರೆ ಮಾತ್ರ ಅದರಿಂದ ಬೆನ್ನು ಕೆರೆದುಕೊಳ್ಳುವುದಷ್ಟೇ ನನಗೆ ಗೊತ್ತು.

ಅಪ್ಪನದೊಂದು ಹಳೇ ಮೋಟಾರ್ ಸೈಕಲ್ಲಿದೆ. ಮದುವೆಗೆ ಮೊದಲೇ ಕೊಂಡದ್ದು. ಈ ಮನೆಗೆ ತನಗಿಂತ ಮೊದಲು ಬಂದವಳು ಅವಳೇ ಎನ್ನುತ್ತಾಳೆ ಅಮ್ಮ. ವರ್ಷದಿಂದ ಕೆಟ್ಟು ನಿಂತಿತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. “ಸೋಮವಾರದೊಳಗೆ ಸುರು ಆಗ್ಲಿಲ್ಲಾಂದ್ರೆ ಗುಜರಿಯವನಿಗೆ ಕೊಟ್ಬಿಡ್ತೀನಿ,” ಎಂದರು ಅಪ್ಪ. ಹೇಳಿದ ಮೇಲೆ ಅರ್ಧ ಊಟಕ್ಕೇ ಎದ್ದರು. ನನಗೆ ತಡೆಯಲಾಗಲಿಲ್ಲ.

ಮೊಬೈಲಿನಲ್ಲಿ ಹುಡುಕಿ ಹಳೇ ಗಾಡಿಗಳ ವಾಟ್ಸಾಪ್ ಗುಂಪೊಂದನ್ನು ಸೇರಿದೆ. ಅಲ್ಲಿಯ ಡಾಕ್ಟರು ನ್ಯಾಮತಿಯ ರುದ್ರಪ್ಪ ಮೇಷ್ಟ್ರು. ಹುಡುಗರ ಕಿವಿ ಹಿಂಡುವ ನೌಕರಿ ಮುಗಿದ ಮೇಲೆ ಗಾಡಿಗಳಿಗೆ ಕಿವಿ ಕೊಡುತ್ತಿದ್ದಾರೆ. “ಗಾಡಿ ಸದ್ದು ರೆಕಾರ್ಡ್ ಮಾಡಿ ಕಳ್ಸು ತಮ್ಮಾ, ಕೇಳಿ ಹೇಳ್ತೀನಿ,” ಎಂದರು. ಸುರುವೇ ಆಗದ ಗಾಡಿಗೆ ಸದ್ದೆಲ್ಲಿಂದ ತರಲಿ? ಆದರೆ ಅದು ಕೊನೆಯ ದಿನ ಕೆಮ್ಮಿದ ಬಗೆ ನನಗೆ ಬಾಯಿಪಾಠವಾಗಿತ್ತು. ತಂಗಿ ಟಿ.ವಿ. ನೋಡುವಾಗ ಬಾಗಿಲ ಹಿಂದೆ ನಿಂತು ಅದನ್ನೇ ಮಾಡಿ, ಅಪ್ಪ ಬಂದರೆಂದು ಅವಳು ಪುಸ್ತಕಕ್ಕೆ ತಡಕಾಡುವುದನ್ನು ಎಷ್ಟು ಸಲ ನೋಡಿಲ್ಲ! ಮೊಬೈಲ್ ಹಿಡಿದು ಡುಗುಡುಗು ಎಂದೆ, ನಡುವೆ ಎರಡು ಸಲ ಫಟ್ ಎಂದೆ, ಕೊನೆಗೊಂದು ನಿಟ್ಟುಸಿರು ಬಿಟ್ಟು ಕಳಿಸಿದೆ.

“ಕಿಡಿ ಹೊತ್ತಿಸೋ ಪಾಯಿಂಟ್ ಸವೆದೈತೆ, ಕಾರ್ಬುರೇಟರ್‌ನಾಗೆ ಕಸ ಐತೆ,” ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಚನ್ನಗಿರಿಯ ಸದಸ್ಯರೊಬ್ಬರು ತಮ್ಮಲ್ಲಿದ್ದ ಪಾಯಿಂಟನ್ನು ಪೊಟ್ಟಣ ಕಟ್ಟಿ ಬಸ್ ಡ್ರೈವರ್ ಕೈಯಲ್ಲಿ ಕಳಿಸಿದರು. ನಾನು ವಿಡಿಯೊ ಓಡಿಸಿ ನಿಲ್ಲಿಸುವುದು, ಅಪ್ಪ ಬಿಚ್ಚಿ ಜೋಡಿಸುವುದು. ಬಿಚ್ಚಿದರೆ ಮೇಷ್ಟ್ರು ಹೇಳಿದ್ದೆಲ್ಲ ಹಾಗೇ ಇತ್ತು. ಆ ಖುಷಿಗೆ ಸುಮ್ಮನಿರಬಾರದೇ? ಮೇಷ್ಟ್ರ ದನಿಯಲ್ಲೇ “ಪಾಯಿಂಟ್ ಸವೆದೈತೆ” ಎಂದು ಗುಂಪಿಗೆ ಕಳಿಸಿದೆ. ಎಲ್ಲರೂ ನಕ್ಕರು, ಮೇಷ್ಟ್ರೊಬ್ಬರನ್ನು ಬಿಟ್ಟು.

ಭಾನುವಾರ ಸಂಜೆ ನಾಲ್ಕನೇ ಕಿಕ್ಕಿಗೆ ಗಾಡಿ ಗುಡುಗಿತು. ಕೋಳಿ ಹಾರಿತು, ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಆ ಸದ್ದನ್ನು ಗುಂಪಿಗೆ ಕಳಿಸಿದೆ.

“ಇದು ಬಾಯಾಗೆ ಮಾಡಿದ್ದು,” ಎಂದರು ಮೇಷ್ಟ್ರು. “ಮೊದಲು ಕಳ್ಸಿದ್ಯಲ್ಲ, ಅದು ಅಸಲಿ ಸದ್ದು.”

ಅಪ್ಪ ಮೊಬೈಲ್ ಕಸಿದುಕೊಂಡರು. “ಮೇಷ್ಟ್ರೇ, ನಾನು ಇವನಪ್ಪ ಮಾತಾಡ್ತಿರೋದು. ಗಾಡಿ ಸುರು ಆಗೈತ್ರಿ.”

“ಅಪ್ಪನ ದನಿ ಚೆನ್ನಾಗಿ ತೆಗೀತೀಯ ತಮ್ಮಾ. ಸ್ವಲ್ಪ ದಪ್ಪ ಆತು.”

ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಅನುಕರಣೆಯಿಲ್ಲ. “ನ್ಯಾಮತಿಗೇ ಹೋಗಿ ತೋರ್ಸಿ ಬರಾಣ ನಡಿ,” ಎಂದರು.

ಸೋಮವಾರ ಗುಜರಿಯವನು ಮನೆಗೆ ಬಂದಾಗ ನಾವು ಹೊನ್ನಾಳಿ ದಾಟಿದ್ದೆವು. ಅಪ್ಪನ ಅಪ್ಪಣೆಯಂತೆ ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಗಾಡಿ ಎಷ್ಟು ಸೊಗಸಾಗಿ ಓಡುತ್ತಿತ್ತೆಂದರೆ, ನಡುವೆ ಒಮ್ಮೆ ನನಗೇ ಅನುಮಾನ ಬಂದು ತುಟಿ ಮುಟ್ಟಿ ನೋಡಿಕೊಂಡೆ.