ಮರಣ ಒಂದನ್ನು ಬಿಟ್ಟು

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ನಿಗೆ ಮೊದಲು ರೋಗಿಯ ಬಳಿ ಕುಳಿತು, ಏನೇನು ಅಪಾಯ ಆಗಬಹುದು ಎಂದು ವಿವರಿಸಿ, ಒಪ್ಪಿಗೆಯ ಸಹಿ ಪಡೆಯುವುದು ನನ್ನ ಕೆಲಸ. ಹೇಳಿದ್ದು ಕಡಿಮೆಯಾದರೆ ಕೋರ್ಟಿನ ಭಯ, ಹೆಚ್ಚಾದರೆ ರೋಗಿ ಎದ್ದು ಹೋಗುವ ಭಯ. ಪಕ್ಕದ ಆಸ್ಪತ್ರೆಯ ಸ್ನೇಹಿತೆಗೆ ಒಮ್ಮೆ ವಕೀಲರ ನೋಟಿಸು ಬಂದಿತ್ತು. ಅಂದಿನಿಂದ ಆಪರೇಷನ್ ಇರುವ ದಿನ ಬೆಳಿಗ್ಗೆ ನನ್ನ ಗಂಟಲಲ್ಲಿ ಒಂದು ತುತ್ತೂ ಇಳಿಯುವುದಿಲ್ಲ. ನಾನು ಎಷ್ಟು ಹೆದರುತ್ತೇನೋ ಅಷ್ಟು ವಿಚಿತ್ರ ರೋಗಿಗಳು ನನ್ನ ಪಾಲಿಗೇ ಬರುತ್ತಾರೆ. ಯಾರ ಹೆಸರನ್ನೂ ಹೇಳುವುದಿಲ್ಲ. ಊರು ಸಣ್ಣದು, ಎಲ್ಲರಿಗೂ ಎಲ್ಲರ ಗುರುತು ಉಂಟು.

ಷರತ್ತಿನ ಸಹಿ

ಪಣಂಬೂರಿನ ಬಂದರು ಕಚೇರಿಯಲ್ಲಿ ದುಡಿದು ನಿವೃತ್ತರಾದವರೊಬ್ಬರು ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಕನ್ನಡಕ ಏರಿಸಿ ಒಪ್ಪಿಗೆ ಪತ್ರವನ್ನು ಎರಡೆರಡು ಸಲ ಓದಿದರು. ಜೇಬಿನಿಂದ ಸ್ವಂತ ಪೆನ್ನು ತೆಗೆದು, ಸಹಿಯ ಮೇಲೆ ಮುದ್ದಾದ ಅಕ್ಷರದಲ್ಲಿ ಒಂದು ಸಾಲು ಬರೆದರು: "ಮರಣ ಒಂದನ್ನು ಬಿಟ್ಟು ಉಳಿದೆಲ್ಲ ಅಪಾಯಗಳಿಗೆ ನನ್ನ ಒಪ್ಪಿಗೆ ಇದೆ."

"ಹೀಗೆ ಬರೆಯಲಿಕ್ಕೆ ಆಗುವುದಿಲ್ಲ ಸಾರ್," ಎಂದೆ.

"ಯಾಕೆ ಆಗುವುದಿಲ್ಲ? ನೀವು ಬರೆದದ್ದಕ್ಕೆ ನಾನು ಒಪ್ಪಬೇಕು, ನಾನು ಬರೆದದ್ದಕ್ಕೆ ನೀವು ಒಪ್ಪುವುದಿಲ್ಲವಾ? ಇದೆಂತ ನ್ಯಾಯ?"

ಈ ಕಾಗದ ಮುಂದೊಂದು ದಿನ ನ್ಯಾಯಾಧೀಶರ ಮೇಜಿನ ಮೇಲೆ ಕಾಣಿಸಿದಂತಾಯಿತು. ಮೂಲೆಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದ ಅವರ ಹೆಂಡತಿ ತಲೆಯೆತ್ತದೆ ಹೇಳಿದರು, "ಹೊಸ ಕಾಗದ ಕೊಡಿ ಡಾಕ್ಟ್ರೇ, ಸಹಿ ಹಾಕ್ತಾರೆ. ಮದುವೆಗೂ ಹೀಗೇ ಕಂಡೀಶನ್ ಹಾಕಿದ್ದರು. ಒಂದಾದರೂ ನಡೆದದ್ದು ಉಂಟಾ ಕೇಳಿ."

ಖಾಲಿ ಹೊಟ್ಟೆ

ಅರಿವಳಿಕೆಗೆ ಮೊದಲು ಹೊಟ್ಟೆ ಖಾಲಿ ಇರಬೇಕು. ಇಲ್ಲವಾದರೆ ತಿಂದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತು. ಆದ್ದರಿಂದ "ಏನಾದರೂ ತಿಂದಿದ್ದೀರಾ?" ಎಂಬ ಪ್ರಶ್ನೆಯನ್ನು ನಾನು ಜಪದಂತೆ ಕೇಳುತ್ತಿರುತ್ತೇನೆ.

ಒಂದು ದೇವಸ್ಥಾನದ ಅರ್ಚಕರು ಬೆಳಗಿನ ಪೂಜೆ ಮುಗಿಸಿಕೊಂಡು ನೇರ ಆಸ್ಪತ್ರೆಗೆ ಬಂದರು.

"ಏನಾದರೂ ತಿಂದಿದ್ದೀರಾ ಭಟ್ರೇ?"

"ಇಲ್ಲಮ್ಮ."

"ಏನೂ ಇಲ್ಲವಾ? ನೀರು?"

"ತೀರ್ಥ ತಗೊಂಡಿದ್ದೇನೆ. ಮತ್ತೆ ಒಂದು ಬಾಳೆಹಣ್ಣು, ಒಂದು ಮುಷ್ಟಿ ಪಂಚಕಜ್ಜಾಯ."

"ಇಲ್ಲ ಅಂದಿರಲ್ಲ?"

ಅವರಿಗೆ ನನ್ನ ಮೇಲೆ ಕನಿಕರ ಬಂತು. "ಅದು ತಿಂದದ್ದು ಅಲ್ಲ ಡಾಕ್ಟ್ರೇ. ಪ್ರಸಾದ."

ಆಪರೇಷನ್ ಮರುದಿನಕ್ಕೆ ಹೋಯಿತು. ಪ್ರಸಾದವೂ ಹೊಟ್ಟೆಗೇ ಹೋಗುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಮರುದಿನ ಅವರು ನಿಜಕ್ಕೂ ಖಾಲಿ ಹೊಟ್ಟೆಯಲ್ಲಿ ಬಂದರು. ಮಂಪರಿನ ಮದ್ದು ಏರುವ ಮೊದಲು ನನ್ನನ್ನು ಹತ್ತಿರ ಕರೆದರು.

"ಸ್ವಲ್ಪ ಬೇಗ ಮುಗಿಸಿ ಆಯ್ತಾ. ನೈವೇದ್ಯ ಆದರೆ ನನಗೆ ಪ್ರಸಾದ ಬಿಡಲಿಕ್ಕೆ ಮನಸ್ಸು ಬರುವುದಿಲ್ಲ. ಹಾಗಾಗಿ ನನ್ನ ಆಪರೇಷನ್ ಮುಗಿಯುವವರೆಗೆ ನೈವೇದ್ಯವೇ ಬೇಡ ಅಂತ ಮಗನಿಗೆ ಹೇಳಿ ಬಂದಿದ್ದೇನೆ. ಇವತ್ತು ನನ್ನ ಜೊತೆ ದೇವರದ್ದೂ ಖಾಲಿ ಹೊಟ್ಟೆ."

ಗುಟ್ಟು

ರೋಗಿಯ ಕಾಯಿಲೆಯನ್ನು ಹೊರಗೆ ಹೇಳಬಾರದೆಂಬುದು ಕಾನೂನು. ಜೆಪ್ಪುವಿನ ಉಪನ್ಯಾಸಕರೊಬ್ಬರು ಮೂಲವ್ಯಾಧಿಯ ಆಪರೇಷನ್ನಿಗೆ ಬಂದಾಗ ಬಾಗಿಲು ಹಾಕಿಸಿ ನನ್ನಿಂದ ಮಾತು ತೆಗೆದುಕೊಂಡರು. "ಕಾಲೇಜಿನಲ್ಲಿ ಗೊತ್ತಾದರೆ ನನಗೆ ಕ್ಲಾಸಿಗೆ ಹೋಗಲಿಕ್ಕಿಲ್ಲ." ನಾನು ಮನೆಯಲ್ಲೂ ಬಾಯಿ ಬಿಡಲಿಲ್ಲ.

ಎರಡು ದಿನ ಕಳೆದು ಅಮ್ಮ ಫೋನು ಮಾಡಿದಳು. "ಆ ಜೆಪ್ಪುವಿನ ಮೇಷ್ಟ್ರಿಗೆ ಮೂಲವ್ಯಾಧಿಯಂತೆ, ಹೌದಾ?"

ಕೆಲಸ ಹೋಯಿತು, ನೋಟಿಸೂ ಬಂತು ಎಂದೇ ಲೆಕ್ಕ ಹಾಕಿದೆ. ವಾರ್ಡಿಗೆ ಓಡಿದರೆ ಮೇಷ್ಟ್ರು ಕೆಂಡವಾಗಿದ್ದರು. ವಿದ್ಯಾರ್ಥಿಗಳಿಂದಲೇ ಬೇಗ ಗುಣವಾಗಲಿ ಎಂಬ ಸಂದೇಶ ಬಂದಿತ್ತು. "ಇದು ನಿಮ್ಮದೇ ಕೆಲಸ," ಎಂದರು. ನಾನು ಅಲ್ಲ ಎಂದರೂ ಯಾರು ನಂಬುತ್ತಾರೆ?

ಅವರ ಹೆಂಡತಿ ಫ್ಲಾಸ್ಕಿನಿಂದ ಗಂಜಿ ಬಗ್ಗಿಸುತ್ತ ನಿಧಾನಕ್ಕೆ ಬಾಯಿ ಬಿಟ್ಟರು. ಗಂಡನ ಹೆಸರಿನಲ್ಲಿ ದೇವಸ್ಥಾನದಲ್ಲಿ ಪೂಜೆ ಕೊಟ್ಟಿದ್ದರಂತೆ. ಸಂಕಲ್ಪದ ಹೊತ್ತಿಗೆ ಅರ್ಚಕರು ಹೆಸರು, ನಕ್ಷತ್ರ, ಗೋತ್ರ ಎಲ್ಲ ಹೇಳಿ, ಮೈಕಿನಲ್ಲೇ "ಕಾಯಿಲೆ ಎಂತ ಹೇಳಿದ್ದು? ಮೂಲವ್ಯಾಧಿಯಾ?" ಎಂದು ಕೇಳಿ ಖಚಿತಪಡಿಸಿಕೊಂಡರಂತೆ. ಸಾಲಿನಲ್ಲಿ ನನ್ನ ಅಮ್ಮನೂ ಇದ್ದಳು.

"ಸುಮ್ಮನೆ ಆರೋಗ್ಯಕ್ಕೆ ಅಂತ ಹೇಳಿದರೆ ಸಾಕಿತ್ತಲ್ಲ, ಮಾರಾಯ್ತಿ," ಎಂದು ಮೇಷ್ಟ್ರು ತಲೆ ಹಿಡಿದುಕೊಂಡರು.

"ಸರಿಯಾಗಿ ಹೇಳದೆ ದೇವರು ಬೇರೆ ಎಂತದೋ ಗುಣ ಮಾಡಿಬಿಟ್ಟರೆ?" ಎಂದರು ಆಕೆ.

ಬಂದರಿನ ಉಮ್ಮ

ಕೊನೆಯದನ್ನು ನೆನೆದರೆ ಈಗಲೂ ಮೊದಲು ಹೆದರಿಕೆ ಆಗುತ್ತದೆ, ಆಮೇಲೆ ನಗು ಬರುತ್ತದೆ.

ಬಂದರಿನಲ್ಲಿ ಸಗಟು ಅಂಗಡಿ ಇರುವ ಮನೆಯ ಹಿರಿಯ ಹೆಂಗಸು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗದಿದ್ದರೆ ಮತ್ತೆ ಹಾಸಿಗೆ ಬಿಟ್ಟು ಏಳುವಂತಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಅರಿವಳಿಕೆ ಕೊಡಬೇಕು. ತಾಯಿಯನ್ನು ಉಮ್ಮ ಎಂದು ಕರೆಯುವ ಇಬ್ಬರು ಗಂಡುಮಕ್ಕಳು, ಒಬ್ಬ ಅಂಗಡಿಯವನು, ಇನ್ನೊಬ್ಬ ಕೊಲ್ಲಿ ದೇಶದ ದಮ್ಮಾಮಿನಿಂದ ರಜೆಯಲ್ಲಿ ಬಂದವನು. ಇಬ್ಬರೂ ನನ್ನನ್ನು ಹೊರಗೆ ಕರೆದರು.

"ಮೇಡಂ, ಅಪಾಯ ಗಿಪಾಯ ಅಂತ ಉಮ್ಮನಿಗೆ ಹೇಳಬೇಡಿ. ಹೆದರ್ತಾರೆ. ಸಹಿ ನಾವು ಹಾಕ್ತೇವೆ."

"ಅವರಿಗೆ ಬುದ್ಧಿ ಸರಿ ಉಂಟಲ್ಲ? ಹಾಗಾದರೆ ಒಪ್ಪಬೇಕಾದವರು ಅವರೇ," ಎಂದೆ.

ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬುದನ್ನೂ ಬಿಡಲಿಲ್ಲ. ಉಮ್ಮ ಅಡಿಕೆ ಜಗಿಯುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮಕ್ಕಳನ್ನು ಹೊರಗೆ ಕಳುಹಿಸಿದರು.

"ಮಗಳೇ, ನೀನು ಎಲ್ಲ ಹೇಳಿದೆ. ಇನ್ನು ನಾನೂ ಒಂದು ಹೇಳ್ತೇನೆ." ದಿಂಬಿನಡಿಯಿಂದ ಎಲೆಯಡಿಕೆ ಡಬ್ಬಿ ತೆಗೆದರು. ಎಲೆಗಳ ಕೆಳಗೆ ಮಾತ್ರೆಯ ಪಟ್ಟಿ. "ಹೃದಯದ್ದು. ದಿನಾ ತಗೊಳ್ತೇನೆ. ಇವತ್ತೂ ತಗೊಂಡೆ. ನಿನಗೆ ಹೇಳಬಾರದು ಅಂದಿದ್ದಾರೆ ಮಕ್ಕಳು."

ನೋಡಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಅದು ದೇಹದಲ್ಲಿರುವಾಗ ಬೆನ್ನಿಗೆ ಸೂಜಿ ಚುಚ್ಚಿದ್ದರೆ ಒಳಗೇ ರಕ್ತಸ್ರಾವವಾಗಿ ಕಾಲುಗಳ ಶಕ್ತಿಯೇ ಹೋಗಬಹುದಿತ್ತು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

"ಯಾಕೆ ಹೇಳಬಾರದು ಅಂದರು?"

"ಡಾಕ್ಟ್ರು ಹೆದರ್ತಾರೆ, ಆಪರೇಷನ್ ಮುಂದೆ ಹಾಕ್ತಾರೆ, ಅಷ್ಟರಲ್ಲಿ ಇವನ ರಜೆ ಮುಗಿಯುತ್ತದೆ ಅಂತ. ಪಾಪ, ನಿನ್ನನ್ನು ನೋಡಿದರೆ ಅವರು ಹೇಳಿದ್ದು ಸರಿ ಅನಿಸ್ತದೆ."

ಆಪರೇಷನ್ ಕೆಲವು ದಿನ ಮುಂದೆ ಹೋಯಿತು. ಮಕ್ಕಳನ್ನು ಕರೆದು ಗದರಿದೆ. ದಮ್ಮಾಮಿನವನು ರಜೆ ಮುಂದುವರಿಸಿಕೊಂಡ.

ಆಪರೇಷನ್ನಿನ ದಿನ ಬಂತು. ಥಿಯೇಟರಿನ ಬಾಗಿಲಲ್ಲಿ ಉಮ್ಮ ಮಲಗಿದ್ದ ಸ್ಟ್ರೆಚರಿನ ಪಕ್ಕ ನಿಂತು ನನ್ನ ಜಪ ಶುರುಮಾಡಿದೆ.

"ಏನಾದರೂ ತಿಂದಿದ್ದೀರಾ?"

"ಇಲ್ಲ. ನೀನು?"

ಯಾವ ರೋಗಿಯೂ ನನ್ನನ್ನು ಇದನ್ನು ಕೇಳಿರಲಿಲ್ಲ. "ಇಲ್ಲ," ಎಂದುಬಿಟ್ಟೆ.

ಉಮ್ಮ ನನ್ನ ಕೈ ಹಿಡಿದರು. ನನ್ನ ಕೈ ನಡುಗುತ್ತಿತ್ತು. ಅವರು ತಲೆಯೆತ್ತಿ, ಹಿಂದೆ ನಿಂತಿದ್ದ ಅಂಗಡಿಯ ಮಗನನ್ನು ಕೂಗಿದರು, "ಕ್ಯಾಂಟೀನಿಗೆ ಹೋಗು. ಡಾಕ್ಟ್ರಿಗೆ ಚಾ, ಬನ್ಸ್ ತಾ. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಕಾದದ್ದು ನಾನು, ಇವಳಲ್ಲ."

"ಉಮ್ಮಾ, ಒಳಗೆ ಎಲ್ಲರೂ ಕಾಯ್ತಾ ಇದ್ದಾರೆ. ನೀವು ಸಹಿ ಹಾಕಿ ಆಗಿದೆಯಲ್ಲ," ಎಂದೆ.

"ಹಾಕಿದ್ದೇನೆ. ಈಗ ವಾಪಸ್ ತಗೊಂಡಿದ್ದೇನೆ. ಯಾವಾಗ ಬೇಕಾದರೂ ತಗೊಳ್ಳಬಹುದು ಅಂತ ಹೇಳಿದ್ದು ನೀನೇ ಅಲ್ಲವಾ? ನೀನು ತಿಂದು ಮುಗಿಸು, ಮತ್ತೆ ಕೊಡ್ತೇನೆ."

ಕಾನೂನಿನಲ್ಲಿ ಇದಕ್ಕೆ ಎದುರು ಮಾತಿಲ್ಲ. ಬನ್ಸ್ ಬಂತು. ಉಮ್ಮ ಮಲಗಿದಲ್ಲಿಂದಲೇ ಒಂದೊಂದು ತುತ್ತನ್ನೂ ನೋಡುತ್ತಿದ್ದರು. ಬಹಳ ದಿನಗಳ ನಂತರ, ಆಪರೇಷನ್ನಿನ ಬೆಳಿಗ್ಗೆ ನನ್ನ ಗಂಟಲಲ್ಲಿ ತಿಂಡಿ ಇಳಿಯಿತು. ಎರಡನೇ ಬನ್ಸಿಗೆ ಕೈ ಹಾಕುವಾಗ ಕೈ ನಡುಗುವುದೂ ನಿಂತಿತ್ತು.

ಉಮ್ಮ ಈಗ ಕೋಲು ಹಿಡಿದು ಅಂಗಡಿಯವರೆಗೆ ನಡೆಯುತ್ತಾರೆ. ಆದರೆ ನಮ್ಮ ಸರ್ಜನ್ ಇನ್ನೂ ನನ್ನನ್ನು ಕ್ಷಮಿಸಿಲ್ಲ. ಅವತ್ತು ನಾನು ತಿಂದು ಮುಗಿಸುವವರೆಗೆ ಅವರು ತೊಳೆದ ಎರಡೂ ಕೈಗಳನ್ನು ಎಲ್ಲಿಗೂ ತಾಗದ ಹಾಗೆ ಮೇಲಕ್ಕೆತ್ತಿಕೊಂಡು ನಿಂತೇ ಇದ್ದರು. ಅವರೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.