ಬೆರಳುದ್ದದ ಚಾಕು, ಊರಗಲ ಹೆಸರು

ದೊಡ್ಡ ದೊಡ್ಡ ವಸ್ತು ಮಾಡಿದವರ ಕಥೆ ನನಗೆ ಗೊತ್ತಿಲ್ಲ. ಬೆರಳುದ್ದದ ಒಂದು ಚಾಕು ಮಾಡಿಕೊಂಡ ನನಗಂತೂ, ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಏನಾದರೊಂದು ಆಗುತ್ತಲೇ ಬಂದಿದೆ. ಡಾಟ್‌ಕಾಂ ಕಂಪನಿಗಳು ಅಣಬೆ ಎದ್ದ ಹಾಗೆ ಏಳುತ್ತಿದ್ದ ಕಾಲ. ನಾವಿದ್ದದ್ದು ಸಾಂಟಾ ಕ್ಲಾರಾದ ಒಂದು ಅಪಾರ್ಟ್‌ಮೆಂಟಿನಲ್ಲಿ. ಸುತ್ತಲಿನವರೆಲ್ಲ ಕೈಯಲ್ಲಿ ಮುಟ್ಟಲಾಗದ ವಸ್ತುಗಳನ್ನು ಮಾಡಿ ಹೆಸರು ಗಳಿಸುತ್ತಿದ್ದಾಗ, ಮುಟ್ಟಿದರೆ ರಕ್ತ ಬರುವಂಥದ್ದೊಂದನ್ನು ನಾನು ಮಾಡಿದೆ. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಶನಿವಾರದ ಪ್ಯಾಚು

ನಾನು ಕೆಲಸಕ್ಕಿದ್ದದ್ದು ಹೂಕುಂಡಗಳನ್ನು ಇಂಟರ್ನೆಟ್ಟಿನಲ್ಲಿ ಮಾರಿ ಜಗತ್ತನ್ನು ಬದಲಾಯಿಸಲು ಹೊರಟಿದ್ದ ಕಂಪನಿಯಲ್ಲಿ. ಪಕ್ಕದ ಕ್ಯೂಬಿಕಲ್ಲಿನಲ್ಲಿ ಎದೆಯವರೆಗೆ ಬಿಳಿ ಗಡ್ಡ ಬಿಟ್ಟ ಒಬ್ಬ ಹಿರಿಯ ಅಮೆರಿಕನ್ ಇಂಜಿನಿಯರು ಕೂರುತ್ತಿದ್ದರು. ಮಾತು ಕಡಿಮೆ. ಒಂದು ಶುಕ್ರವಾರ ಹೊರಡುವಾಗ, ನಾಳೆ ಬೆಳಗ್ಗೆ ಒಂದಷ್ಟು ಪ್ಯಾಚ್ ಕತ್ತರಿಸೋದಿದೆ, ಬರ್ತೀಯಾ ಅಂತ ಕೇಳಿ ವಿಳಾಸ ಕೊಟ್ಟರು.

ನಮ್ಮ ಕಸುಬಿನಲ್ಲಿ ಪ್ಯಾಚು ಅಂದರೆ ಸಾಫ್ಟ್‌ವೇರಿಗೆ ಹಾಕುವ ತೇಪೆ. ವಾರದ ಕೊನೆಯಲ್ಲೂ ಬಿಡುವುದಿಲ್ಲವಲ್ಲ ಅಂದುಕೊಂಡು ಲ್ಯಾಪ್‌ಟಾಪು, ಚಾರ್ಜರು, ಮಧ್ಯಾಹ್ನಕ್ಕೆ ಮೊಸರನ್ನದ ಡಬ್ಬಿ, ಎಲ್ಲ ಹೊತ್ತು ಹೋದೆ. ಫ್ರೀವೇ ಬಿಟ್ಟು ಗುಡ್ಡ ಹತ್ತಿದ ಮೇಲೆ ಸಿಕ್ಕಿದ್ದು ಆಫೀಸಲ್ಲ, ಗುಂಡು ಹೊಡೆಯುವ ಮೈದಾನ. ಗಡ್ಡದವರು ಜಿಂಕೆ ಚರ್ಮದ ಅಂಗಿ ತೊಟ್ಟು, ಹೆಚ್ಚು ಕಡಿಮೆ ಅವರಷ್ಟೇ ಎತ್ತರದ ಕೋವಿ ಹಿಡಿದು ನಿಂತಿದ್ದರು. ಬಾಯಿ ಕಡೆಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿ.

ಕ್ರಮ ಹೀಗೆ. ಮೊದಲು ನಳಿಗೆಗೆ ಮದ್ದು ಸುರಿಯಬೇಕು. ಆಮೇಲೆ ನಳಿಗೆಯ ಬಾಯಿ ಮೇಲೆ ಎಣ್ಣೆ ಸವರಿದ ಹತ್ತಿ ಬಟ್ಟೆ ಹರಡಿ, ಅದರ ಮೇಲೆ ಸೀಸದ ಗುಂಡಿಟ್ಟು ಒಳಕ್ಕೆ ಒತ್ತಬೇಕು. ಹೊರಗೆ ಉಳಿದ ಬಟ್ಟೆಯನ್ನು ನಳಿಗೆಯ ಅಂಚಿಗೆ ಸಮವಾಗಿ, ಒಂದೇ ಎಳೆತಕ್ಕೆ ಕೊಯ್ದುಬಿಡಬೇಕು. ಗುಂಡಿನ ಸುತ್ತ ಉಳಿಯುವ ಆ ಬಟ್ಟೆಯ ತುಂಡೇ ಅವರ ಪ್ಯಾಚು. ಅದನ್ನು ಕೊಯ್ಯಲೆಂದೇ ಅವರು ಎದೆಯ ಮೇಲೆ ಒಂದು ಪುಟ್ಟ ಚಾಕು ನೇತುಹಾಕಿಕೊಂಡಿದ್ದರು. ನನ್ನ ಕೈಗೂ ಕೊಟ್ಟರು. ಚರ್ರ್ ಅಂತ ಬಟ್ಟೆ ಬಿಟ್ಟುಕೊಂಡ ಆ ಸದ್ದಿಗೆ ನಾನು ಸೋತೇ ಹೋದೆ.

ಹೊರಡುವ ಹೊತ್ತಿಗೆ ಅವರು ನನ್ನ ಲ್ಯಾಪ್‌ಟಾಪಿನ ಚೀಲ ನೋಡಿ, ಗುರಿಯಾಗಿ ಇಟ್ಟು ಹೊಡೆಯೋದಕ್ಕೆ ತಂದಿದ್ಯಾ ಅಂತ ಕೇಳಿದರು. ಅಲ್ಲ ಅಂದೆ. ಸೋಮವಾರ ಕೇಳಿದ್ದರೆ ಹೌದು ಅನ್ನುತ್ತಿದ್ದೆ.

ಕತ್ತರಿ ಆ ಕಡೆ

ನನಗೂ ಒಂದು ಚಾಕು ಬೇಕು ಅನ್ನಿಸಿ ಬೇಟೆ ಸಾಮಾನಿನ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆ ತುಂಬ ಚಾಕುಗಳು. ಕರಡಿಯ ಎದೆ ಸೀಳುವಂಥವು, ಮರ ಕಡಿಯುವಂಥವು. ಅಂಗಡಿಯವನ ತೋಳು ನನ್ನ ತೊಡೆಯಷ್ಟು ದಪ್ಪ. ನನಗೆ ಪುಟ್ಟದು ಬೇಕು, ಅಲಗಿನ ಒಂದು ಮಗ್ಗುಲು ಹಲಗೆಯಂತೆ ಚಪ್ಪಟೆ ಇರಬೇಕು, ಇನ್ನೊಂದು ಮಗ್ಗುಲಿಗೆ ಮಾತ್ರ ಸಾಣೆ ಹಿಡಿದಿರಬೇಕು, ಹಾಗಿದ್ದರೇ ನಳಿಗೆಯ ಬಾಯಿಗೆ ಒತ್ತಿ ಕುಳಿತು ಸಮವಾಗಿ ಕೊಯ್ಯುತ್ತದೆ ಅಂತ ನಾನು ಹೊಸದಾಗಿ ಕಲಿತದ್ದನ್ನೆಲ್ಲ ಒಪ್ಪಿಸಿದೆ.

ಅವನು ಗಂಭೀರವಾಗಿ ಕೇಳಿಸಿಕೊಂಡ. ಯಾವ ಪ್ರಾಣಿಗೆ ಅಂತ ಕೇಳಿದ. ಪ್ರಾಣಿಗಲ್ಲ, ಬಟ್ಟೆಗೆ ಅಂದೆ. ಎಂಥ ಬಟ್ಟೆ ಅಂದ. ಹತ್ತಿಯದು, ಎರಡು ಬೆರಳಗಲ ಅಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಮೆಲ್ಲಗೆ, ಬೇರೆ ಗಿರಾಕಿಗಳಿಗೆ ಕೇಳಿಸದ ಹಾಗೆ, ಹೊಲಿಗೆ ಸಾಮಾನಿನ ಅಂಗಡಿ ಎರಡು ಬಾಗಿಲು ಆಚೆಗಿದೆ ಅಂದ.

ಅವತ್ತೇ ನಿರ್ಧಾರ ಮಾಡಿದೆ. ಕೊಳ್ಳುವುದಿಲ್ಲ, ನಾನೇ ಮಾಡುತ್ತೇನೆ.

ಆದರ್ಶ ಗಂಡ

ಗಡ್ಡದವರು ಕಬ್ಬಿಣ ಉಜ್ಜುವ, ಹಲ್ಲು ಸವೆದ ಒಂದು ಹಳೇ ಅರ ಕೊಟ್ಟರು. ಅರದ ಉಕ್ಕು ಒಳ್ಳೇ ಉಕ್ಕು. ಅವರ ಮನೆಯ ಒಲೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟೆವು. ಆಗ ಅದು ಮೆತ್ತಗಾಗುತ್ತದೆ, ಇನ್ನೊಂದು ಅರ ಹಿಡಿದು ಉಜ್ಜಿ ಆಕಾರ ಕೊಡಬಹುದು. ಉಜ್ಜುವ ಕೆಲಸ ನಮ್ಮ ಬಾಲ್ಕನಿಯಲ್ಲಿ. ಆಫೀಸಿನಿಂದ ಬಂದು ಕಾಫಿ ಕುಡಿದು ಕೂತರೆ ಅಡುಗೆ ಆಗುವವರೆಗೂ ಕರ್ ಕರ್ ಕರ್.

ಕೆಳಗಿನ ಮನೆಯಲ್ಲಿ ಹಾಸನದ ಕಡೆಯ ಒಂದು ಸಂಸಾರ ಇತ್ತು. ಕೆಲವು ವಾರಗಳಾದ ಮೇಲೆ ಆ ಮನೆಯ ಯಜಮಾನ ಗ್ರೋಸರಿ ಅಂಗಡಿಯಲ್ಲಿ ಸಿಕ್ಕವರು ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡರು. ಜೊತೆಗಿದ್ದ ಅವರ ಸ್ನೇಹಿತರಿಬ್ಬರೂ ಹಾಗೇ ಮಾಡಿದರು. ನನಗೆ ಏನೂ ಅರ್ಥವಾಗದೆ ಹೆಂಡತಿಯನ್ನು ಕೇಳಿದೆ. ಅವಳು ನಗು ತಡೆದುಕೊಂಡು ವಿಷಯ ಬಿಡಿಸಿದಳು. ದಿನಾ ಸಂಜೆ ಕೇಳುವ ಆ ಸದ್ದನ್ನು ಕೆಳಗಿನ ಮನೆಯಾಕೆ ತೆಂಗಿನಕಾಯಿ ತುರಿಯುವ ಸದ್ದು ಅಂದುಕೊಂಡಿದ್ದರು. ಮೇಲಿನ ಮನೆಯವರು ಆಫೀಸಿನಿಂದ ಬಂದ ತಕ್ಷಣ ಹೆಂಡತಿಗೆ ಕಾಯಿ ತುರಿದು ಕೊಡ್ತಾರೆ, ನೀವೂ ಇದೀರಿ ಅಂತ ಆ ಬೀದಿಯ ಕನ್ನಡದ ಮನೆಗಳಲ್ಲೆಲ್ಲ ಗಂಡಂದಿರಿಗೆ ಪಾಠ ಶುರುವಾಗಿತ್ತು.

ಹೋಗಿ ನಿಜ ಹೇಳಿಬಿಡೋಣ ಅಂದೆ.

"ಸುಮ್ನಿರಿ" ಅಂದಳು ಹೆಂಡತಿ. "ಮದುವೆಯಾದಾಗಿಂದ ನಿಮ್ಮ ಬಗ್ಗೆ ಜಂಬ ಪಡೋಕೆ ಇದೊಂದೇ ಸಿಕ್ಕಿರೋದು."

ಹದ

ಆಕಾರ ಬಂದ ಮೇಲೆ ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದಾಯಿತು. ಆದರೆ ಹಾಗೇ ಬಿಟ್ಟರೆ ಗಾಜಿನಂತೆ ಮುರಿಯುತ್ತದೆ. ಸಣ್ಣ ಶಾಖದಲ್ಲಿಟ್ಟು ಹದ ಮಾಡಬೇಕು. ಉಜ್ಜಿದ ಮೈಯೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹದ ಬಂತು ಅಂತ ಲೆಕ್ಕ. ಅದಕ್ಕೆ ಮನೆಯ ಓವನ್ನೇ ಸಾಕು ಅಂದಿದ್ದರು ಗಡ್ಡದವರು.

ನಾನು ಓವನ್ನಿನಲ್ಲಿ ಅಲಗು ಇಟ್ಟ ಭಾನುವಾರವೇ ಫಾಸ್ಟರ್ ಸಿಟಿಯಿಂದ ಹೆಂಡತಿಯ ಗೆಳತಿ ಮತ್ತು ಅವರ ಯಜಮಾನರು ಬಂದರು. ಮಾತಿನ ನಡುವೆ ನಾನು ಎದ್ದೆದ್ದು ಹೋಗಿ ಓವನ್ನಿನ ಗಾಜಿನಲ್ಲಿ ಇಣುಕಿ, ಇನ್ನೂ ಬಣ್ಣ ಬಂದಿಲ್ಲ ಅಂತ ಬಂದು ಕೂರುತ್ತಿದ್ದೆ. ಅವರ ಯಜಮಾನರು ತಿಂಡಿಪ್ರಿಯರು. ಅವಸರ ಮಾಡಬೇಡಿ, ಹದ ತಪ್ಪಿದರೆ ಎಲ್ಲ ಹಾಳು ಅಂತ ನನಗೇ ಧೈರ್ಯ ಹೇಳಿದರು. ನನಗೂ ಖುಷಿಯಾಯಿತು, ವಿಷಯ ತಿಳಿದವರು ಅಂತ. ನಾನು ಕೊನೆಗೆ, ಬಂತು ಬಣ್ಣ, ಅಂದಾಗ ಅವರು ತಟ್ಟೆ ಹಿಡಿದು ನನ್ನ ಹಿಂದೆಯೇ ನಿಂತಿದ್ದರು.

ಇಕ್ಕಳದಲ್ಲಿ ಅಲಗು ಹೊರಗೆ ತೆಗೆದೆ. ಬಂಗಾರದಂಥ ಬಣ್ಣ. ನನಗೆ ಕಣ್ಣು ತುಂಬಿ ಬಂತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಟ್ಟೆ ಮೇಜಿನ ಮೇಲಿಟ್ಟು, "ಇದನ್ನ ಎಷ್ಟು ಹೊತ್ತು ಬೇಯಿಸಿದ್ರೂ ಅಷ್ಟೇ ಕಣ್ರೀ, ಮೆತ್ತಗಾಗಲ್ಲ" ಅಂದರು.

ಹಿಡಿ

ಹಿಡಿಗೆ ಜಿಂಕೆ ಕೊಂಬು ಹಾಕು ಅಂದರು ಗಡ್ಡದವರು. ಅಡುಗೆ ಮನೆಯ ಓವನ್ನಿನಲ್ಲಿ ಬೆಂದ ಚಾಕುವಿಗೆ ಕೊಂಬು ಬೇಡ ಅಂದಳು ಹೆಂಡತಿ. ಬಿರುಕು ಬಿಟ್ಟು ಮೂಲೆಗೆ ಬಿದ್ದಿದ್ದ ಬೀಟೆ ಮರದ ಲಟ್ಟಣಿಗೆ ತಂದುಕೊಟ್ಟಳು. ಕುಯ್ದು, ಉಜ್ಜಿ, ಎರಡು ಹಿತ್ತಾಳೆ ಮೊಳೆ ಬಡಿದು ಕೂರಿಸಿದೆ. ಅಂಗೈಗೆ ಹುಟ್ಟಿದಾಗಿಂದ ಅಂಟಿಕೊಂಡ ಹಾಗೆ ಕೂತಿತು. ಹೇಗಿದೆ ಅಂತ ಹಿಡಿದು ತೋರಿಸಿದೆ. ಅಂತೂ ಲಟ್ಟಣಿಗೆ ಕೈಯಲ್ಲಿ ಹಿಡಿದ್ರಲ್ಲ ಅಂದಳು.

ಮೊಟ್ಟೆಯಿಲ್ಲದ ಕೇಕು

ನಮ್ಮ ಹೂಕುಂಡದ ವೆಬ್‌ಸೈಟು ಶುರುವಾದ ದಿನ ಆಫೀಸಿಗೆ ದೊಡ್ಡ ಕೇಕು ಬಂತು. ನಮ್ಮ ಟೀಮಿನ ಡೇಟಾಬೇಸಿನವರು ಕಟ್ಟಾ ಸಸ್ಯಾಹಾರಿ, ಬೆಂಗಳೂರಿನವರು. ಅವರಿಗೋಸ್ಕರ ಮೊಟ್ಟೆ ಹಾಕದ ಕೇಕನ್ನೇ ತರಿಸಿದ್ದರು. ಕೇಕು ಬಂತು, ಕ್ಯಾಮೆರಾ ಬಂತು, ಬಾಸು ಬಂದರು, ಚಾಕು ಮಾತ್ರ ಬಂದಿರಲಿಲ್ಲ. ಹಿಂದಿನ ದಿನ ಗುಡ್ಡದ ಮೈದಾನಕ್ಕೆ ಹೋಗಿದ್ದರಿಂದ ನನ್ನ ಚಾಕು ಚೀಲದಲ್ಲೇ ಇತ್ತು. ಒರೆಸಿ ಕೊಟ್ಟೆ. ಬಾಸು ಅದನ್ನು ತಿರುಗಿಸಿ ನೋಡಿ, ಎಲ್ಲಿ ಕೊಂಡೆ ಅಂದರು. ನಾನೇ ಮಾಡಿದ್ದು ಅಂದೆ. ಒಂದು ನಿಮಿಷ ಎಲ್ಲರೂ ಕೇಕು ಬಿಟ್ಟು ಚಾಕು ನೋಡಿದರು. ಆ ಒಂದು ನಿಮಿಷಕ್ಕೆ ನಾನು ಆ ಕಂಪನಿಗೆ ಋಣಿ.

ಕೋವಿಯ ಮದ್ದಿನಲ್ಲಿ ಗಂಧಕ ಇರುತ್ತದೆ. ಉರಿದ ಮೇಲೆ ನಳಿಗೆಯ ಬಾಯಿಗೂ ಚಾಕುವಿಗೂ ಹತ್ತುವ ಅದರ ಮಸಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಒಂದು ಸಲ ಒರೆಸಿದರೆ ಹೋಗುವುದಿಲ್ಲ. ಡೇಟಾಬೇಸಿನವರು ಕೇಕಿನ ತುಂಡು ಬಾಯಿಯ ಹತ್ತಿರ ಒಯ್ದವರು ಹಾಗೇ ಇಳಿಸಿದರು. ಮುಖ ಬಿಳಿಚಿಕೊಂಡಿತು. ಬೇಕರಿಯವರು ಮೋಸ ಮಾಡಿದ್ದಾರೆ, ಇದರಲ್ಲಿ ಮೊಟ್ಟೆ ಇದೆ ಅಂದರು. ಪಾಪ, ಬೇಕರಿಯವರ ಮೇಲೆ ಯಾಕೆ ಅಂತ ನಾನು ಅವರನ್ನು ಪಕ್ಕಕ್ಕೆ ಕರೆದು, ಅದು ಮೊಟ್ಟೆಯಲ್ಲ, ಕೋವಿಮದ್ದಿನ ವಾಸನೆ ಅಂತ ತಿಳಿಸಿದೆ.

"ಬರೀ ಮದ್ದಾ? ಮೊದಲೇ ಹೇಳಬಾರದಾ" ಅಂತ ನಿಟ್ಟುಸಿರು ಬಿಟ್ಟು ಎರಡು ತುಂಡು ತಿಂದರು.

ಶಲ್ಯದ ತುಂಡು

ಗಡ್ಡದವರ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಕೈಯಿಂದ ಮಾಡಿದ ಸಾಮಾನುಗಳ ಸ್ಪರ್ಧೆ ನಡೆಯುತ್ತದೆ. ನನ್ನ ಹೆಸರನ್ನೂ ಬರೆಸಿದರು. ಆ ಹೊತ್ತಿಗೆ ಮಂಡ್ಯದಿಂದ ನಮ್ಮ ಮಾವ ಬಂದಿದ್ದರು. ಪಂಚೆ, ಷರಟು, ಹೆಗಲ ಮೇಲೆ ಕೈಮಗ್ಗದ ಶಲ್ಯ, ಅದೇ ವೇಷದಲ್ಲಿ ಮೈದಾನಕ್ಕೂ ಬಂದರು. ಅಲ್ಲಿ ಎಲ್ಲರೂ ಚರ್ಮದ ಅಂಗಿ, ತುಪ್ಪಳದ ಟೋಪಿ ಹಾಕಿದ್ದರಿಂದ ಮಾವನನ್ನು ಯಾರೂ ತಿರುಗಿ ನೋಡಲಿಲ್ಲ.

ತೀರ್ಪು ಕೊಡುವವರು ಕ್ಲಬ್ಬಿನ ಅತ್ಯಂತ ಹಿರಿಯ ಹೆಂಗಸು. ಚಾಕು ನೋಡಲು ಚೆನ್ನಾಗಿದ್ದರೆ ಸಾಲದು, ನಳಿಗೆಯ ಬಾಯಿ ಮೇಲೆ ಬಟ್ಟೆ ಕೊಯ್ದು, ಗುಂಡು ಹೊಡೆದು ತೋರಿಸಬೇಕು ಅಂದರು. ನನ್ನ ಸರದಿ ಬಂದಾಗ ನೋಡುತ್ತೇನೆ, ಬಟ್ಟೆಯ ಪಟ್ಟಿಯನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ನಾಲ್ಕಾರು ಜನ ತಮ್ಮದು ಕೊಡಲು ಬಂದರು. ಅಷ್ಟರಲ್ಲಿ ಮಾವ ಶಲ್ಯ ತೆಗೆದು ನನ್ನ ಕೈಗಿಟ್ಟರು.

"ಚಾಕು ನಮ್ದು, ಬಟ್ಟೇನೂ ನಮ್ದೇ ಇರ್ಲಿ ಅಳೀಮಯ್ಯ" ಅಂದರು.

ಗಡ್ಡದವರ ಕೋವಿಗೆ ಮದ್ದು ಸುರಿದು, ಶಲ್ಯದ ಅಂಚಿನ ಹತ್ತಿರ ಎಣ್ಣೆ ಸವರಿ, ಗುಂಡಿಟ್ಟು ಒತ್ತಿ, ಅಲಗಿನ ಚಪ್ಪಟೆ ಮಗ್ಗುಲನ್ನು ನಳಿಗೆಗೆ ಕೂರಿಸಿ ಎಳೆದೆ. ಒಂದೇ ಎಳೆತ. ಒಂದು ನೂಲೂ ನೇತಾಡಲಿಲ್ಲ. ಶಲ್ಯದಲ್ಲಿ ಹುಣ್ಣಿಮೆ ಚಂದ್ರನಂಥ ತೂತು. ಹೊಡೆದ ಗುಂಡು ಗುರಿಗೆ ಬಿತ್ತು. ಆ ಹಿರಿಯ ಹೆಂಗಸು ಅಲಗಿನ ಮೇಲೆ ಹೆಬ್ಬೆರಳು ಸವರಿ ನೋಡಿ ನೀಲಿ ರಿಬ್ಬನ್ನನ್ನು ನನ್ನ ಅಂಗಿಗೆ ಚುಚ್ಚಿದರು. ಮೊದಲ ಬಹುಮಾನ.

ಎಲ್ಲರೂ ಕೋವಿ ಇಳಿಸಿದ ಮೇಲೆ ಮಾವ ಹೋಗಿ ಹುಲ್ಲಿನಲ್ಲಿ ಬಿದ್ದಿದ್ದ ಆ ಬಟ್ಟೆಯ ತುಂಡನ್ನು ಹುಡುಕಿ ಎತ್ತಿ, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡತೊಡಗಿದರು. ಹಾರಿ ಬಿದ್ದ ಪ್ಯಾಚು ಸುಟ್ಟಿದೆಯೋ ಹರಿದಿದೆಯೋ ನೋಡಿ ಮದ್ದಿನ ಅಳತೆ ಸರಿಯಿತ್ತೋ ಇಲ್ಲವೋ ಹೇಳುವುದು ಈ ಆಟದಲ್ಲಿ ಪಳಗಿದವರ ಅಭ್ಯಾಸ. ಹಾಗಾಗಿ ಕ್ಲಬ್ಬಿನವರೆಲ್ಲ ಟೋಪಿ ತೆಗೆದು ಮಾವನ ಸುತ್ತ ನಿಂತರು. ಏನು ಹೇಳ್ತಿದ್ದಾರೆ ಅಂತ ನನ್ನನ್ನು ಕೇಳಿದರು. ಮದ್ದು ಸರಿಯಾಗಿತ್ತಂತೆ ಅಂತ ನಾನು ಹೇಳಿದೆ. ಮಾವ ಹೇಳಿದ್ದು, "ಹರ್ದಿಲ್ಲ. ಊರ್ಗೋದ್ಮೇಲೆ ಇದನ್ನೇ ಇಟ್ಟು ಹೊಲಿಸ್ಬೋದು."

ಗುಂಡಿಗೆ ಬಟ್ಟೆ

ಅದಾದ ಸ್ವಲ್ಪ ದಿನಕ್ಕೆ ಡಾಟ್‌ಕಾಂ ಗುಳ್ಳೆ ಒಡೆಯಿತು. ಜನ ಹೂಕುಂಡಗಳನ್ನು ಕಣ್ಣಾರೆ ನೋಡಿಯೇ ಕೊಳ್ಳುತ್ತಾರೆ ಅನ್ನುವುದು ನಮ್ಮ ಕಂಪನಿಗೆ ತಿಳಿಯುವಷ್ಟರಲ್ಲಿ ಬಾಗಿಲು ಹಾಕಿತ್ತು. ನಾನು ಮನೆಯಲ್ಲಿ ಕೂತೆ. ಬೇರೆ ಕೆಲಸ ಹುಡುಕುತ್ತಿದ್ದೆ, ಎಲ್ಲರೂ ಹುಡುಕುತ್ತಿದ್ದರು. ಮನಸ್ಸು ಕುಗ್ಗಿದಾಗ ಚಾಕು ತೆಗೆದು ಸಾಣೆ ಹಿಡಿಯುತ್ತಿದ್ದೆ. ಕುಗ್ಗುವುದು ಹೆಚ್ಚಿದ್ದರಿಂದ ಚಾಕು ಬಹಳ ಚೂಪಾಗಿತ್ತು.

ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಬೆಳಗ್ಗೆ ಹೊತ್ತು, ಮಕ್ಕಳ ಮನೆಗೆ ಬಂದ ಹಿರಿಯರೆಲ್ಲ ಒಂದು ಬೆಂಚಿನಲ್ಲಿ ಸೇರುತ್ತಿದ್ದರು. ಮಾವ ತೂತಿನ ಶಲ್ಯ ಹೊದ್ದೇ ಅಲ್ಲಿಗೆ ಹೋಗುತ್ತಿದ್ದರು. ತೂತು ಯಾಕೆ ಅಂತ ಯಾರಾದರೂ ಕೇಳಲಿ ಅಂತಲೇ ಹೊದೆಯುತ್ತಿದ್ದರು. ಕೇಳಿದರೆ ಒಂದೇ ಉತ್ತರ. "ಗುಂಡಿಗೆ ಬಟ್ಟೆ ಕತ್ತರ್ಸೋದ್ರಲ್ಲಿ ನಮ್ಮ ಅಳಿಯಂದ್ರನ್ನ ಮೀರ್ಸೋರಿಲ್ಲ. ಅಮೆರಿಕದೋರೇ ಮೊದಲ್ನೇ ಬಹುಮಾನ ಕೊಟ್ಟವ್ರೆ."

ಒಂದು ಬೆಳಗ್ಗೆ ಆ ಬೆಂಚಿನ ಮೈಸೂರಿನ ಯಜಮಾನರೊಬ್ಬರು ಮನೆಗೆ ಬಂದರು. ಕೈಯಲ್ಲಿ ಮಡಿಸಿದ ಉಣ್ಣೆ ಕೋಟು. ಕಾಫಿ ಕುಡಿದರು. ಇಂಥ ಕಾಲದಲ್ಲಿ ಯಾವ ಕೆಲಸವೂ ಕೀಳಲ್ಲ ಅಂದರು. ಎಷ್ಟೊಂದು ಓದಿದವರು ಸುಮ್ಮನೆ ಕೊರಗುತ್ತಾ ಕೂತಿದ್ದಾರೆ, ನೀವು ಧೈರ್ಯವಾಗಿ ಕೈಕಸುಬು ಹಿಡಿದಿರಿ, ಬೆಂಚಿನಲ್ಲೆಲ್ಲ ನಿಮ್ಮದೇ ಮಾತು ಅಂದರು. ಚಾಕುವಿನ ಸುದ್ದಿ ಇಷ್ಟು ದೂರ ಹೋಯಿತಲ್ಲ ಅಂತ ನಾನು ಉಬ್ಬಿದೆ. ಆಮೇಲೆ ಅವರು ಕೋಟು ಬಿಡಿಸಿ, ದರ್ಜಿ ಇದರ ಮೇಲಿನ ಕಾಜಾ ಕೊರೆಯೋದನ್ನೇ ಮರೆತಿದ್ದಾನೆ, ನೀವೇ ಕೊರೆದು ಕೊಡಬೇಕು ಅಂದರು.

ಆಗ ತಿಳಿಯಿತು. ಮಾವ ಹೇಳಿದ್ದು ಕೋವಿಯ ಗುಂಡು. ಬೆಂಚಿನವರಿಗೆ ಕೇಳಿಸಿದ್ದು ಅಂಗಿಯ ಗುಂಡಿ. ಕೆಲಸ ಹೋದ ಮೇಲೆ ನಾನು ಟೈಲರ್ ಆಗಿದ್ದೇನೆ ಅಂತ ಸಾಂಟಾ ಕ್ಲಾರಾದ ಹಿರಿಯರೆಲ್ಲ ಮರುಗಿ, ಮೆಚ್ಚಿಕೊಂಡೂ ಆಗಿತ್ತು. ನಾನು ನಿಜ ಹೇಳಲು ಬಾಯಿ ತೆರೆದೆ. ಅವರು ಸಂಕೋಚ ಬೇಡ ಅಂತ ಕೈ ಅಡ್ಡ ಹಿಡಿದರು. ಮಾವ ಪಕ್ಕದಲ್ಲಿ ಕೂತು, ಕೊರೆದು ತೋರ್ಸಿ ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಕೋಟನ್ನು ಮಣೆಯ ಮೇಲೆ ಹರಡಿದೆ. ಚಪ್ಪಟೆ ಮಗ್ಗುಲು ಕೂರಿಸಿ ಒಂದೇ ಎಳೆತ. ದಪ್ಪ ಉಣ್ಣೆ ಬೆಣ್ಣೆಯಂತೆ ಬಿಟ್ಟುಕೊಂಡಿತು. ಹೆಂಡತಿ ಅಂಚಿಗೆ ದಾರ ಹಾಕಿಕೊಟ್ಟಳು. ಯಜಮಾನರು ಕೋಟು ತೊಟ್ಟು ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದರು. ನಾನು ಬರೆದ ಯಾವ ಸಾಫ್ಟ್‌ವೇರೂ ಹೀಗೆ ಗಿರಾಕಿಯ ಮೈಮೇಲೆ, ನನ್ನ ಕಣ್ಣೆದುರಿಗೆ, ಮೊದಲ ಸಲಕ್ಕೇ ಸರಿಹೋಗಿರಲಿಲ್ಲ. ಎದೆ ತುಂಬಿ ಬಂತು.

ಅವರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು. ಒಳಗೆ ಬಂದು, ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದರು.

"ಬಿಡುವಾದಾಗ ನಮ್ಮ ಹುಡುಗನಿಗೂ ಈ ಕೆಲಸ ಒಂದಿಷ್ಟು ಹೇಳಿಕೊಡಿ ಸ್ವಾಮಿ. ಅವನ ಆಫೀಸಿನಲ್ಲೂ ಈಗೀಗ ಯಾರನ್ನ ತೆಗೆಯೋದು ಅಂತ ದಿನಾ ಮೀಟಿಂಗಂತೆ."